ಕುಂದಗೋಳದ ಹಾದಿ

ಹುಬ್ಬಳ್ಳಿಯ ನಿಲ್ದಾಣದಲ್ಲಿ ಕುಂದಗೋಳಕ್ಕೆ ಟಿಕೀಟು ಕೊಂಡು ಹೊರಗಿನವನಂತೆ ಕಾಣುವ ಮನುಷ್ಯನೊಬ್ಬ ಗಾಡಿಯೇರಿದನೆಂದರೆ, ಎದುರು ಕುಳಿತವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಂಗೀತಕ್ಕ ಹೊಂಟೀರೇನ್ರಿ?”

2025ರ ಜನವರಿಯ ಎರಡನೆಯ ಭಾನುವಾರ ನನಗೂ ಆ ಪ್ರಶ್ನೆ ಬಂದಿತು. ಕೇಳಿದವರು ಬಿಳಿಯ ಟೋಪಿಯ ಒಬ್ಬ ಅಜ್ಜ. ತೊಡೆಯ ಮೇಲೆ ಒಂದು ಗಂಟು, ಪಕ್ಕದಲ್ಲಿ ಮೊಮ್ಮಗ.

“ಅಲ್ಲರೀ ಅಜ್ಜಾರ, ಒಬ್ಬರ ಭೆಟ್ಟಿಗೆ ಹೊಂಟೀನಿ” ಎಂದೆ.

“ಹಂಗಾರ ಸರಿ. ಈಗೆಲ್ಲಿ ಸಂಗೀತ? ಈಗ ಸುಗ್ಗಿ” ಎಂದು ಅವರು ಗಂಟು ಬಿಚ್ಚಿ, ಹುರಿದ ಶೇಂಗಾ ಒಂದು ಹಿಡಿ ನನ್ನ ಅಂಗೈಗೆ ಸುರಿದರು.

ಭೆಟ್ಟಿಗೆ ಹೊರಟಿದ್ದೇನೆಂದು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಾನು ಹೊರಟಿದ್ದು ತಪ್ಪೊಪ್ಪಿಕೊಳ್ಳುವುದಕ್ಕೆ. ಮೂವತ್ತು ದಾಟಿದ, ಹತ್ತು ವರ್ಷ ಪಾಠ ಹೇಳಿದ ಅಧ್ಯಾಪಕನೊಬ್ಬನಿಗೆ ತನ್ನ ವಿದ್ಯಾರ್ಥಿನಿಯ ಮನೆಯ ಬಾಗಿಲಿಗೆ ಹೋಗಿ ‘ತಪ್ಪಾಯಿತು’ ಎನ್ನುವುದು ಎಷ್ಟು ಕಠಿಣವೆಂಬುದು ಅದನ್ನು ಮಾಡಹೊರಟಾಗಲೇ ತಿಳಿಯುವ ಸಂಗತಿ. ಕುಂದಗೋಳ ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅಂದು ಅದು ನನಗೆ ಕಾಶಿಗಿಂತ ದೂರವಾಗಿ ತೋರಿತು.

ಗಾಡಿ ಹೊರಟಿತು. 1507 ಮೀಟರು ಉದ್ದವಾಗಿ ಹಾಸಿಕೊಂಡಿರುವ ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 2023ರಿಂದ ಜಗತ್ತಿಗೇ ಉದ್ದವೆಂಬ ಖ್ಯಾತಿ ಪಡೆದಿದೆ. ಅದು ಹಿಂದೆ ಸರಿದು, ಊರಿನ ಕೊನೆಯ ಮನೆಗಳು ಕಳೆದವೆಂದರೆ ಎರಡೂ ಕಡೆ ಎರೆಯ ಭೂಮಿ ಕಣ್ಣು ಹರಿಯುವಷ್ಟು ದೂರ ತೆರೆದುಕೊಳ್ಳುತ್ತದೆ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಎರಡು ವಾರ ಕಳೆದಿತ್ತು. ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಕಡಲೆಯ ಹೊಲದಲ್ಲಿ ಹುಳಿ ಹಿಡಿದ ಹಸುರು. ಕುಸುಬಿಯ ಮುಳ್ಳುಗಿಡಗಳ ತುದಿಯಲ್ಲಿ ಹಳದಿ-ಕೇಸರಿಯ ಹೂ. ಅಲ್ಲಲ್ಲಿ ಕಣಗಳಲ್ಲಿ ಒಣಗಲು ಹರಡಿದ ಮೆಣಸಿನಕಾಯಿ, ನೆಲಕ್ಕೆ ಯಾರೋ ಕೆಂಪು ಜಮಖಾನ ಹಾಸಿದಂತೆ. ಬೇರೆ ದಿನವಾಗಿದ್ದರೆ ಈ ನೋಟಕ್ಕೆ ಮನಸೋಲುತ್ತಿದ್ದೆ. ಅಂದು ಮನಸ್ಸಿನ ತುಂಬ ಒಂದು ಎಲೆಯ ರಾಶಿ ಕೂತಿತ್ತು.

ಸಂಗತಿ ನಡೆದದ್ದು ಹೀಗೆ.

ಜನವರಿ 26ರ ಗಣರಾಜ್ಯೋತ್ಸವಕ್ಕೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಂದ ಒಂದು ಮೇಳಗಾಯನ ಮಾಡಿಸಬೇಕೆಂದು ಗೊತ್ತಾಯಿತು. ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದು ಆಗತಾನೆ ನೂರು ವರ್ಷ ತುಂಬಿತ್ತು. ಆ ಅಧಿವೇಶನದಲ್ಲಿ ಮೊದಲು ಮೊಳಗಿದ, ಹುಯಿಲಗೋಳ ನಾರಾಯಣರಾಯರು ಬರೆದ ನಾಡಿನ ಉದಯಗೀತವನ್ನೇ ಹಾಡಿಸುವುದು, ನಡುನಡುವೆ ಆ ಕಾಲದ ಕಥೆಯನ್ನು ನಾನು ಓದುವುದು ಎಂದು ಯೋಜನೆ. ಕಡ್ಡಾಯವೇನೂ ಇರಲಿಲ್ಲ, ಇಷ್ಟವಿದ್ದವರು ಬರಬಹುದೆಂದು ಫಲಕದ ಮೇಲೆ ಬರೆದೆ. ಇಪ್ಪತ್ತೆರಡು ಮಂದಿ ಹೆಸರು ಕೊಟ್ಟರು.

ಹೆಸರು ಕೊಟ್ಟವರಲ್ಲಿ ಪಟ್ಟಣದ ಮಕ್ಕಳಿಗಿಂತ ಹಳ್ಳಿಯ ಮಕ್ಕಳೇ ಹೆಚ್ಚಾಗಿದ್ದುದು ನನಗೆ ಸೋಜಿಗ. ತಾಲೀಮು ಸಂಜೆ, ಕೊನೆಯ ಬಸ್ಸು ತಪ್ಪಿದರೆ ಊರು ಸೇರುವ ದಾರಿಯಿಲ್ಲ. ಆದರೂ ಬಂದರು. ನವಲಗುಂದದ ಹುಡುಗಿಯೊಬ್ಬಳು, ಆ ಊರಿಗೆ ಹೆಸರು ತಂದ ಜಮಖಾನಗಳನ್ನು ನೇಯುವ ಮನೆಯವಳು. ರಜೆಯ ದಿನ ತಾಯಿಯ ಜೊತೆ ಮಗ್ಗಕ್ಕೆ ಕೂಡಬೇಕಾದವಳು, ಹಾಡಿಗೆ ಬಂದ ದಿನದ ನೇಯ್ಗೆಯನ್ನು ರಾತ್ರಿ ಮಾಡಿ ಮುಗಿಸುತ್ತಿದ್ದಳು. ಕಲಘಟಗಿಯ ಕಡೆಯ, ಮಲೆನಾಡಿನ ಸೆರಗಿನ ಹಳ್ಳಿಯೊಂದರ ಹುಡುಗ ಮಾತಾಡುವಾಗ ತೊದಲುತ್ತಿದ್ದ. ಹಾಡುವಾಗ ಮಾತ್ರ ಅವನ ನಾಲಗೆಗೆ ಯಾವ ತೊಡಕೂ ಇರುತ್ತಿರಲಿಲ್ಲ. ಅಣ್ಣಿಗೇರಿಯಿಂದ ಬರುತ್ತಿದ್ದ ಹುಡುಗ ನಸುಕಿನಲ್ಲೆದ್ದು ಮಾರುಕಟ್ಟೆಯಲ್ಲಿ ಚೀಲ ಇಳಿಸಿ, ಆ ಕೂಲಿಯಿಂದ ಓದುತ್ತಿದ್ದವನು. ತಾಲೀಮಿನ ನಡುವೆ ಅವನ ಕಣ್ಣು ಎಳೆದರೆ ನಾನು “ಏನಪ್ಪಾ, ಪಂಪನ ಊರಿನವನು ಹೀಗೆ ತೂಕಡಿಸಬಹುದೇ?” ಎಂದು ಕೆಣಕುತ್ತಿದ್ದೆ. ಆದಿಕವಿಯ ಹುಟ್ಟೂರು ಅಣ್ಣಿಗೇರಿಯೆಂದು ಪಾಠದಲ್ಲಿ ಕೇಳಿದ್ದ ಅವನು ನಕ್ಕು ಎದ್ದು ನಿಲ್ಲುತ್ತಿದ್ದ.

ಕುಂದಗೋಳ ತಾಲೂಕಿನ ಹುಡುಗಿಯದು ಇವರೆಲ್ಲರಿಗಿಂತ ಎತ್ತರದ, ಶುದ್ಧವಾದ ದನಿ. ಮಾತು ಕಡಿಮೆ. ರೈಲಿನ ಪಾಸು ಮಾಡಿಸಿಕೊಂಡು ದಿನಾಲೂ ಬರುತ್ತಿದ್ದಳು. ಮೇಳದ ಮೊದಲ ಸಾಲನ್ನು ಅವಳೊಬ್ಬಳೇ ಎತ್ತಿಕೊಡಬೇಕೆಂದು ನಾನೇ ನಿಶ್ಚಯಿಸಿದ್ದೆ.

ಮೂರನೆಯ ದಿನದ ತಾಲೀಮು ಮುಗಿದಾಗ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತರಿಸಿದ್ದೆ. ಪತ್ರಾವಳಿಗಳಲ್ಲಿ ಹಂಚಿ ತಿಂದರು. ತಿಂದಾದ ಮೇಲೆ ಎಲೆಗಳು ಹರಡಿ ಬಿದ್ದಿದ್ದವು. ನಾನು ಯಾರೊಡನೆಯೋ ಮಾತಾಡುತ್ತ, ಅತ್ತ ಸರಿಯಾಗಿ ನೋಡದೆ, ಆ ಹುಡುಗಿಯ ಕಡೆ ಕೈಮಾಡಿ, “ತಂಗಿ, ಆ ಎಲೀ ಅಷ್ಟು ತಗದ ಬಿಡವಾ” ಎಂದೆ. ಅವಳು ತೆಗೆದಳು. ಬಗ್ಗಿ, ಒಂದೊಂದನ್ನೇ ಆರಿಸಿ, ಬುಟ್ಟಿಗೆ ಹಾಕಿ, ನೆಲವನ್ನೂ ಒರೆಸಿ ಹೋದಳು. ಮರುದಿನ ತಾಲೀಮಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಗಾಡಿಯ ವೇಳೆ ಕೂಡುತ್ತಿಲ್ಲವೆಂದು ತಿಳಿದು, ಸಿಟ್ಟಿನಿಂದ ಅವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಆಗ ನವಲಗುಂದದ ಹುಡುಗಿ ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ಸೆರಗಿನ ತುದಿ ತಿರುವಿ, ಕೊನೆಗೆ ಹೇಳಿದಳು: “ಸರ, ಆಕಿ ಅಳಾಕತ್ತಿದ್ಲು. ಆಕೀ ಅವ್ವ ಮದುವಿ ಮನ್ಯಾಗ ಎಲೀ ತಗಿಯೂ ಕೆಲಸಕ್ಕ ಹೋಗ್ತಾಳ. ‘ಇದು ಸರಗ ಹ್ಯಾಂಗ ಗೊತ್ತಾತು?’ ಅಂತ ಕೇಳಿದ್ಲು.”

ನನಗೆ ಗೊತ್ತಿರಲಿಲ್ಲ. ಅದೇ ಅಲ್ಲವೇ ಘೋರ! ಗೊತ್ತಿದ್ದು ಹೇಳಿದ್ದರೆ ದುಷ್ಟತನವೆನ್ನಬಹುದಿತ್ತು. ಇಪ್ಪತ್ತೆರಡು ಮಂದಿಯಲ್ಲಿ ನನ್ನ ಕೈ ನೇರವಾಗಿ ಅವಳ ಕಡೆಗೇ ಏಕೆ ಹೋಯಿತು? ಅವಳು ಹತ್ತಿರ ನಿಂತಿದ್ದಳೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ನನಗಿಂತ ಹತ್ತಿರದಲ್ಲಿ ಪಟ್ಟಣದ ಇಬ್ಬರು ಹುಡುಗರು ಗೋಡೆಗೊರಗಿ ನಿಂತದ್ದು ಚೆನ್ನಾಗಿ ನೆನಪಿತ್ತು. ಅವರ ಇಸ್ತ್ರಿಯ ಅಂಗಿ, ಇವಳ ಮಾಸಿದ ಚಪ್ಪಲಿ, ಕಣ್ಣು ಕಂಡದ್ದನ್ನು ಕೈ ಓದಿಕೊಂಡಿತ್ತು. ನಾನು ಬೆಳೆದ ಮನೆಯಲ್ಲಿ ಉಂಡ ಎಲೆ ತೆಗೆಯುವವರು ಯಾವಾಗಲೂ ಬೇರೆಯವರೇ ಆಗಿದ್ದರು. ಎಂ.ಎ. ಪದವಿ ಆ ಕೈಗೆ ಬೇರೇನನ್ನೂ ಕಲಿಸಿರಲಿಲ್ಲ.

ಆ ರಾತ್ರಿ ಗಣರಾಜ್ಯೋತ್ಸವದ ಓದಿಗಾಗಿ ಬೆಳಗಾವಿಯ ಅಧಿವೇಶನದ ಸಂಗತಿಗಳನ್ನು ಕಲೆಹಾಕುತ್ತ ಕೂತೆ. ಕೂತದ್ದು ಬರೆಯುವುದಕ್ಕಾಗಿ. ಎದ್ದದ್ದು ಬೇರೆಯೇ ಮನಸ್ಸಿನಿಂದ.

1924ರ ಡಿಸೆಂಬರ್ 26 ಮತ್ತು 27ರಂದು ನಡೆದ ಆ 39ನೆಯ ಅಧಿವೇಶನ, ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಗಂಗಾಧರರಾವ ದೇಶಪಾಂಡೆಯವರ ನೇತೃತ್ವದಲ್ಲಿ ಟಿಳಕವಾಡಿಯ ಬಯಲಿನಲ್ಲಿ ಒಂದು ನಗರವೇ ಎದ್ದಿತು. ಅದಕ್ಕೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ 4,370 ರೂಪಾಯಿ 3 ಆಣೆ ವೆಚ್ಚದಲ್ಲಿ ತೋಡಿಸಿದ ಬಾವಿಗೆ ಪಂಪಾಸರೋವರವೆಂದು ಹೆಸರು. ಕಾಂಗ್ರೆಸ್ ಬಾವಿಯೆಂದು ಇಂದಿಗೂ ಜನ ಅದನ್ನು ತೋರಿಸುತ್ತಾರೆ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ಜರುಗಿತು. ಇವೆಲ್ಲ ನಮ್ಮ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಗತಿಗಳೇ. ಆದರೆ ಈ ಉತ್ಸವವನ್ನು ಹೊತ್ತ ಭುಜಗಳು ಯಾರವು? ಆ ಪ್ರಶ್ನೆಯನ್ನು ಹಿಡಿದು ಹೋದರೆ ನಮ್ಮ ಧಾರವಾಡ ಜಿಲ್ಲೆಗೇ ಬಂದು ಮುಟ್ಟುತ್ತೇವೆ.

ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ವೈದ್ಯಶಾಸ್ತ್ರ ಓದಿ, ಅಮೆರಿಕದಲ್ಲಿದ್ದು ಬಂದ ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯಲ್ಲಿ ನೆಲೆಸಿ ತರುಣರ ಪಡೆ ಕಟ್ಟಿದರು. ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪಣೆ ಬರೆದುಕೊಡದೆ ಶಿಕ್ಷೆಯನ್ನು ಪೂರ್ತಿ ಅನುಭವಿಸಿದ್ದು ದೇಶದ ಗಮನ ಸೆಳೆಯಿತು. 1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಹುಟ್ಟಿದ ಹಿಂದುಸ್ತಾನಿ ಸೇವಾದಳದ ಬೇರು ಇರುವುದು ಅಲ್ಲಿ. ಮರುವರ್ಷ ಬೆಳಗಾವಿಯ ಅಧಿವೇಶನದ ಸೇವೆಯ ಭಾರ ಈ ಪಡೆಯ ಮೇಲೆ ಬಿದ್ದಿತು.

ಹೆಣ್ಣುಮಕ್ಕಳನ್ನು ಕರೆತರುವ ಕೆಲಸಕ್ಕೆ ಹೊರಟವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಮಂಗಳೂರಿನಲ್ಲಿ 1892ರಲ್ಲಿ ಹುಟ್ಟಿ, ಹದಿಮೂರರ ವಯಸ್ಸಿಗೆ ಮದುವೆಯಾಗಿ, ಮಾವ ಆನಂದರಾಯರ ಒತ್ತಾಸೆಯಿಂದ ಓದಿದ ಹೆಣ್ಣುಮಗಳು. ಪತಿ ಕ್ಷಯದಿಂದ ತೀರಿಕೊಂಡಾಗ ಅವರಿಗಿನ್ನೂ ಎಳೆಯ ಪ್ರಾಯ. ವಿಧವೆ ಎದುರಿಗೆ ಬಂದರೆ ಹೊರಟ ಕಾರ್ಯ ಕೆಟ್ಟಿತೆಂದು ಜನ ಹಿಂತಿರುಗುತ್ತಿದ್ದ ಕಾಲ ಅದು. ಮಂಗಲಕಾರ್ಯದ ಚಪ್ಪರದೊಳಗೆ ಅವಳ ನೆರಳೂ ಸುಳಿಯಬಾರದು. ಅಂಥ ಕಾಲದಲ್ಲಿ ಈ ತರುಣ ವಿಧವೆ ಪ್ರಾಂತವನ್ನು ಸುತ್ತಿ, ದೇಶಕ್ಕೇ ಮಂಗಲವಾದ ಚಪ್ಪರಕ್ಕೆ 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಕರೆತಂದರು. ಅವರಲ್ಲಿ ತನ್ನಂಥ ವಿಧವೆಯರೂ ಇದ್ದರು. ಕತ್ತಲೆಯ ಒಳಮನೆಯ ಹೊಸ್ತಿಲು ದಾಟಿ ಬಂದವರಿಗೆ ಬೆಳಗಾವಿಯ ಹಾದಿ ದೂರವೆನಿಸಿರಲಾರದು, ಹೊಸ್ತಿಲೇ ದೂರವಾಗಿತ್ತು. ಮುಂದೆ 1932ರಲ್ಲಿ ಉಮಾಬಾಯಿಯವರು ಯರವಡಾ ಜೈಲಿನಲ್ಲಿದ್ದಾಗಲೇ, ಅವರಿಗೆ ಆಸರೆಯಾಗಿದ್ದ ಮಾವನವರೂ ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಈ ತಾಯಿ ಪ್ರಶಸ್ತಿ, ಪಿಂಚಣಿ ಯಾವುದನ್ನೂ ಮುಟ್ಟದೆ ಹುಬ್ಬಳ್ಳಿಯಲ್ಲಿ ಸರಳವಾಗಿ ಬದುಕಿ 1992ರಲ್ಲಿ ಕಣ್ಣುಮುಚ್ಚಿದರು.

ಅದೇ ವಿಜಯನಗರದ ಬಯಲಿನಲ್ಲಿ ಇನ್ನೊಂದು ಪಡೆ ಇತ್ತು. ಅದರ ಕೆಲಸ ಶೌಚಾಲಯಗಳ ಶುಚಿ. ಅದರ ಮುಖಂಡರು ಕಾಕಾ ಕಾಲೇಲಕರರು. ಎಪ್ಪತ್ತೈದು ಸ್ವಯಂಸೇವಕರು, ಅವರಲ್ಲಿ ಹೆಚ್ಚಿನವರು ಬ್ರಾಹ್ಮಣರು. ಅಧಿವೇಶನ ಮುಗಿದ ಮೇಲೆ ಗಾಂಧೀಜಿ ಈ ಪಡೆಯನ್ನು ತಮ್ಮ ಪತ್ರಿಕೆಯಲ್ಲಿ ವಿಶೇಷವಾಗಿ ಸ್ಮರಿಸಿದರು. ಪೌರಸಭೆಯ ಕೆಲಸಗಾರರಿದ್ದರೂ ಈ ತರುಣರು ಪೊರಕೆ ಹಿಡಿದದ್ದು ಒಂದು ಪ್ರಾಯಶ್ಚಿತ್ತದಂತೆ. ನೂರಾರು ವರ್ಷ ಒಂದೇ ಜನರ ಕೈಗೆ ಕಟ್ಟಿಬಿಟ್ಟಿದ್ದ ಕೆಲಸವನ್ನು ಬೇರೆ ಕೈಗಳು ಬೇಡಿ ಪಡೆದ ದಿನಗಳವು.

ಇಷ್ಟನ್ನು ಬರೆದುಕೊಂಡು ಪುಟ ತಿರುವಿದಾಗ ನನಗೆ ಎದುರಾದವಳು ಒಬ್ಬ ಹನ್ನೊಂದು ವರ್ಷದ ಬಾಲಿಕೆ.

ಧಾರವಾಡದ ಶುಕ್ರವಾರಪೇಟೆಯಲ್ಲಿ 1913ರ ಮಾರ್ಚ್ 5ರಂದು ಹುಟ್ಟಿದವಳು. ಕರ್ನಾಟಕ ಸಂಗೀತದಲ್ಲಿ ಪ್ರವೀಣೆಯಾಗಿದ್ದ ಅಂಬಾಬಾಯಿಯ ಮಗಳು. ಬೀದಿಯಲ್ಲಿ ಹೊರಟರೆ ‘ಹಾಡುವವಳು’ ಎಂಬ ಚುಚ್ಚುಮಾತು ಹಿಂದಿನಿಂದ ಬಂದು ತಾಗುತ್ತಿದ್ದ ಮನೆತನ. ಬೆಳಗಾವಿಯ ಅಧಿವೇಶನದಲ್ಲಿ ಸ್ವಾಗತದ ಹಾಡು ಹಾಡಿದ ಬಾಲಿಕೆಯರಲ್ಲಿ ಅವಳೂ ಒಬ್ಬಳು. ಗಾಂಧೀಜಿಯ ಎದುರು ಹಾಡಿದಳು. ಅವಳು ಬೆಳೆದು ದೇಶವೇ ತಲೆಬಾಗುವ ಗಾಯಕಿಯಾದ ಮೇಲೆ, ಆ ದಿನವನ್ನು ನೆನೆಯುವಾಗ ಒಂದು ಮಾತನ್ನು ಮರೆಯದೆ ಹೇಳುತ್ತಿದ್ದಳು: ಹಾಡುವಾಗ ಅಂಜಿಕೆಯಿರಲಿಲ್ಲ, ಅಂಜಿಕೆಯಿದ್ದುದು ಊಟದ್ದು. ಕೀಳು ಜಾತಿಯವಳೆಂದು, ಎಲ್ಲರೂ ಉಂಡಾದ ಮೇಲೆ ಎಲೆಗಳನ್ನು ತೆಗೆಯಲು ತನಗೇ ಹೇಳಿಯಾರೇನೋ ಎಂಬ ಅಂಜಿಕೆ.

ಆ ಬಾಲಿಕೆಯೇ ಗಂಗೂಬಾಯಿ ಹಾನಗಲ್.

ಪುಸ್ತಕ ಮುಚ್ಚಿಟ್ಟೆ. ನೂರು ವರ್ಷ ಕಳೆದಿದೆ. ಅಂದು ಒಬ್ಬ ಬಾಲಿಕೆ ಯಾವ ಮಾತಿಗಾಗಿ ಅಂಜಿದ್ದಳೋ, ಅದೇ ಮಾತನ್ನು, ಅದೇ ಉತ್ಸವದ ನೆನಪಿಗೆ, ಅದೇ ಹಾಡು ಹಾಡಲು ಬಂದ ಇನ್ನೊಬ್ಬ ಬಾಲಿಕೆಗೆ ನಾನು ಹೇಳಿಬಿಟ್ಟಿದ್ದೆ.

“ಕುಂದಗೋಳ ಬಂತ್ರೀ” ಎಂದು ಅಜ್ಜ ಎಚ್ಚರಿಸಿದಾಗ ಇಳಿದೆ.

ಕುಂದಗೋಳ ಚಿಕ್ಕ ಊರು. 1948ರವರೆಗೆ ಇದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು; ಸುತ್ತಲೂ ಬ್ರಿಟಿಷರ ಮುಂಬಯಿ ಪ್ರಾಂತ, ನಡುವೆ ಈ ಸಂಸ್ಥಾನದ ತುಂಡು. ಚಾಳುಕ್ಯರ ಕಾಲದ ಶಂಭುಲಿಂಗನ ಗುಡಿಯ ಕಪ್ಪುಕಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಆದರೆ ಈ ಊರಿನ ಹೆಸರನ್ನು ದೇಶದ ತುಂಬ ಒಯ್ದದ್ದು ಕಲ್ಲಲ್ಲ, ಕಂಠ. ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರರು 1886ರಲ್ಲಿ ಇಲ್ಲಿ ಜನಿಸಿದರು. ಮರಾಠಿ ರಂಗಭೂಮಿಯಲ್ಲಿ ಹೆಸರಾಗಿ, ‘ಸವಾಯಿ ಗಂಧರ್ವ’ರೆಂಬ ಬಿರುದು ಪಡೆದು, ತಿರುಗಿ ಇದೇ ಊರಿಗೆ ಬಂದು ಶಿಷ್ಯರಿಗೆ ವಿದ್ಯೆ ಕೊಟ್ಟರು. ಭೀಮಸೇನ ಜೋಶಿಯವರು ಹದಿಹರೆಯದಲ್ಲಿ ಗುರುವಿನ ಮನೆಗೆ ನೀರು ಹೊತ್ತು ಕಲಿತದ್ದು ಇಲ್ಲಿ. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ನೆನಪಿಗೆ ಇಲ್ಲಿನ ನಾಡಗೀರ ವಾಡೆಯಲ್ಲಿ ಅಹೋರಾತ್ರಿ ಸಂಗೀತೋತ್ಸವ ನಡೆಯುತ್ತ ಬಂದಿದೆ. ಅಜ್ಜ ಕೇಳಿದ ‘ಸಂಗೀತ’ ಅದೇ.

ವಾಡೆಯ ಎದುರು ಸ್ವಲ್ಪ ಹೊತ್ತು ನಿಂತೆ. ಮರದ ಕಂಬಗಳ ಹಳೆಯ ಪಡಸಾಲೆ ಆ ಬೆಳಗಿನಲ್ಲಿ ಮೌನವಾಗಿತ್ತು. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಇದೇ ರೈಲು ಹಾದಿಯಲ್ಲಿ ಬಂದು ಗುರುಗಳಲ್ಲಿ ಪಾಠ ಹೇಳಿಸಿಕೊಂಡು ಸಂಜೆ ಹಿಂತಿರುಗುತ್ತಿದ್ದರು. ಆಗಲೇ ಮದುವೆಯಾಗಿ ಮಕ್ಕಳ ತಾಯಿ. ಮನೆಯಲ್ಲಿ ಹಣದ ಅಡಚಣೆ. ಸಂಗೀತಕ್ಕೆ ಬೆನ್ನೆಲುಬಾಗಿದ್ದ ತಾಯಿ ಇಲ್ಲವಾಗಿದ್ದರು. ಮಗಳ ಹಿಂದುಸ್ತಾನಿ ಅಭ್ಯಾಸಕ್ಕೆ ತೊಡಕಾಗಬಾರದೆಂದು ತಾನು ಬದುಕೆಲ್ಲ ಹಾಡಿದ ಕರ್ನಾಟಕ ಪದ್ಧತಿಯನ್ನೇ ಬಿಟ್ಟುಕೊಟ್ಟ ತಾಯಿ ಆಕೆ. ಜಿಪುಣನು ಕಾಸು ಬಿಚ್ಚುವ ಹಾಗೆ ಒಂದೊಂದು ಸ್ವರವನ್ನೂ ಹಿಡಿದು ಹಿಡಿದು ಬಳಸಬೇಕೆಂದು ಗುರುಗಳು ಕಲಿಸಿದರೆಂದು ಗಂಗೂಬಾಯಿ ಹೇಳುತ್ತಿದ್ದರು. ಕತ್ತಲಾದರೆ ಅವರನ್ನು ನಿಲ್ದಾಣದವರೆಗೆ ಕಳಿಸಿಬರಲು ಭೀಮಸೇನರು ಜೊತೆಗೆ ಹೋಗುತ್ತಿದ್ದರೆಂಬುದು ಈ ಸೀಮೆಯವರು ಪ್ರೀತಿಯಿಂದ ಹೇಳುವ ಮಾತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಆದರೂ ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂದು ಅವರು ನಗುತ್ತಲೇ ಹೇಳಿ ಮನಸ್ಸಿಗೆ ತಾಗಿಸುತ್ತಿದ್ದರು. 2009ರಲ್ಲಿ ಅವರು ಹೋದರು.

ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹಾಡು ಹುಡುಕಿಕೊಂಡು ಬಂದರು. ನನ್ನ ವಿದ್ಯಾರ್ಥಿನಿ ಕುಂದಗೋಳದಿಂದ ಹುಬ್ಬಳ್ಳಿಗೆ ಹಾಡಲು ಬಂದಳು. ಹಳಿ ಅದೇ. ಗುರು ಮಾತ್ರ ಅಂಥವನು ಸಿಗಲಿಲ್ಲ.

ಅವಳ ಊರಿಗೆ ಅಲ್ಲಿಂದ ಇನ್ನೂ ಎರಡು ಹರದಾರಿ. ಟಂಟಂ ಗಾಡಿಯಲ್ಲಿ ಹೋಗಿ ಇಳಿದೆ. ಕಟ್ಟೆಯ ಮೇಲೆ ಕೂತವರು ಮನೆ ತೋರಿಸಿದರು. ಮಣ್ಣಿನ ಗೋಡೆ, ತಗಡಿನ ಮಾಡು. ಅಂಗಳ ಮಾತ್ರ ಸಗಣಿ ಸಾರಿಸಿ ಅಚ್ಚುಕಟ್ಟು. ಬಾಗಿಲಲ್ಲಿ ತಾಯಿ ಹತ್ತಿ ಬಿಡಿಸುತ್ತ ಕೂತಿದ್ದರು. ನಾನು ಯಾರೆಂದು ಹೇಳುತ್ತಲೇ ಗಡಬಡಿಸಿ ಎದ್ದರು.

“ಬರ್ರಿ ಸರ, ಒಳಗ ಬರ್ರಿ. ನಮ್ಮ ಹುಡುಗಿ ಏನರ ತಪ್ಪ ಮಾಡ್ಯಾಳೇನ್ರಿ?”

ತಪ್ಪು ಮಾಡಿದವನ ಮನೆಗೆ ಮಾಸ್ತರು ಬರುವುದು ವಾಡಿಕೆ. ತಪ್ಪು ಮಾಡಿದ ಮಾಸ್ತರನೇ ಮನೆಗೆ ಬರುವುದನ್ನು ಆ ತಾಯಿ ಎಲ್ಲಿ ಕಂಡಿದ್ದಾರು? ಗೋಡೆಗೆ ಒರಗಿಸಿಟ್ಟ ಚಾಪೆ ಹಾಸಿದರು. ತಂಬಿಗೆಯಲ್ಲಿ ನೀರು, ಬೆಲ್ಲ ತಂದಿಟ್ಟರು. ಹುಡುಗಿ ಒಳಗಿನ ಬಾಗಿಲ ಮರೆಯಲ್ಲಿದ್ದಳು. ಬಳೆಯ ಸದ್ದು ಕೇಳಿತು, ಮುಖ ಕಾಣಲಿಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಗ್ರಾಂಥಿಕ ವಾಕ್ಯಗಳೆಲ್ಲ ಗಂಟಲಲ್ಲೇ ಉಳಿದವು. “ತಪ್ಪು ಆಕೀದಲ್ಲವಾ, ನಂದು” ಎಂದೆ. ನಡೆದದ್ದನ್ನು ಹೇಳಿದೆ. ಮುಚ್ಚಿಟ್ಟುಕೊಳ್ಳದೆ, ಗೋಡೆಗೊರಗಿದ್ದ ಆ ಇಬ್ಬರು ಹುಡುಗರ ಸಂಗತಿಯನ್ನೂ ಹೇಳಿದೆ.

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೈ ಮಾತ್ರ ಹತ್ತಿ ಬಿಡಿಸುತ್ತಲೇ ಇತ್ತು. ಬಳಿಕ, ನನ್ನ ಕಡೆ ನೋಡದೆಯೇ ಹೇಳಿದರು:

“ಎಲೀ ತಗಿಯೂದು ತಪ್ಪಲ್ರಿ ಸರ. ಅದರ ಮ್ಯಾಲನ ಈಕಿ ಓದ್ಯಾಳ. ನಾ ಏನೂ ನಾಚಿಗೊಳ್ಳೂದುಲ್ಲ. ಆದ್ರ ಈಕಿ ಅಲ್ಲಿಗೆ ಹಾಡಾಕ ಬಂದಿದ್ಲು. ಹಾಡಾಕ ಬಂದಾಕೀನ ಹಾಡಾಕ ಬಿಡ್ರಿ.”

ಹತ್ತು ವರ್ಷ ನಾನು ವಿದ್ಯಾರ್ಥಿಗಳಿಗೆ ವಚನಗಳನ್ನು ವ್ಯಾಖ್ಯಾನಿಸಿದ್ದೇನೆ. ಕಾಯಕದ ಘನತೆಯ ಮೇಲೆ ಲೇಖನಗಳನ್ನು ಬರೆದಿದ್ದೇನೆ. ಈ ತಾಯಿ ಕಾಯಕವನ್ನೂ ಅವಮಾನವನ್ನೂ ಎರಡೇ ಮಾತಿನಲ್ಲಿ ಬೇರೆಬೇರೆ ಮಾಡಿ ಇಟ್ಟರು. ಕೆಲಸ ಕೀಳಲ್ಲ; ಒಬ್ಬರ ಹಣೆಗೆ ಅದನ್ನು ಬರೆದಿಡುವುದು ಕೀಳು. ಬೆಳಗಾವಿಯಲ್ಲಿ ಪೊರಕೆ ಹಿಡಿದ ಆ ಎಪ್ಪತ್ತೈದು ಮಂದಿಗೆ ತಿಳಿದಿದ್ದುದೂ ಇದೇ.

ಆಗ ಹುಡುಗಿಯನ್ನು ಉದ್ದೇಶಿಸಿ, ಬಾಗಿಲ ಮರೆಯ ಕಡೆಗೆ ತಿರುಗಿ, ಗಂಗೂಬಾಯಿಯ ಕಥೆ ಹೇಳಿದೆ. ಹನ್ನೊಂದರ ವಯಸ್ಸು, ವಿಜಯನಗರದ ಚಪ್ಪರ, ಗಾಂಧಿ, ಹಾಡು, ಆಮೇಲೆ ಆ ಅಂಜಿಕೆ. ಬಳೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವಳು ಹೊಸ್ತಿಲಿಗೆ ಬಂದು ನಿಂತಳು.

“ಗಂಗೂಬಾಯಿ ಅವ್ರರ್ರೀ? ಅವ್ರಿಗೂ ಹಂಗ ಅನಿಸಿತ್ತೇನ್ರಿ ಸರ?”

“ಹೌದವಾ. ಅವರೇ ಹೇಳ್ಯಾರ.”

“ಅನಿಸಿದ್ರೂ ಹಾಡಿದ್ರಲ್ರಿ” ಎಂದಳು. ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ.

ಬಾ ಎಂದು ನಾನು ಒತ್ತಾಯಿಸಲಿಲ್ಲ. ಅವಳ ಹೆಸರನ್ನು ಪಟ್ಟಿಯಲ್ಲಿ ಮೊದಲಿನ ಜಾಗದಲ್ಲೇ ಬರೆದಿಟ್ಟಿದ್ದೇನೆ, ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು ಎಂದಷ್ಟೇ ಹೇಳಿದೆ. ತಾಯಿ ಉಣ್ಣದೆ ಕಳಿಸಲಿಲ್ಲ. ಖಡಕ್ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾದ ಚಟ್ನಿ, ಕೆನೆಮೊಸರು. ಉಂಡ ತಾಟನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ತೊಳೆಯಲು ಕೂತೆ. ತಾಯಿ “ಅಯ್ಯ, ಬಿಡ್ರಿ ಸರ, ಬಿಡ್ರಿ” ಎಂದು ಓಡಿ ಬಂದರು. ಹುಡುಗಿ ಮಾತ್ರ ತಾಯಿಯ ಸೆರಗು ಹಿಡಿದು ನಿಲ್ಲಿಸಿ, “ತೊಳೀಲಿ ಬಿಡವಾ” 
ಎಂದಳು. ಬಂದ ಮೇಲೆ ಮೊದಲ ಬಾರಿಗೆ ಅವಳ ಮುಖದಲ್ಲಿ ನಗೆ ಕಂಡೆ.

ಸಂಜೆ ಹೊಲದಿಂದ ಬಂದ ಅವಳ ತಂದೆ ನನ್ನನ್ನು ಕುಂದಗೋಳದ ನಿಲ್ದಾಣದವರೆಗೆ ಕಳಿಸಲು ಬಂದರು. ಬೇಡವೆಂದರೂ ಕೇಳಲಿಲ್ಲ. “ಕತ್ತಲಾಗೇತಿ, ಹೊಸಬರ್ನ ಒಬ್ಬರ್ನ ಹ್ಯಾಂಗ ಬಿಡೂದ್ರಿ” ಎಂದರು. ಗಾಡಿ ಬರುವವರೆಗೂ ಕಲ್ಲುಬೆಂಚಿನ ಮೇಲೆ ಜೊತೆಗೆ ಕೂತು, ಈ ವರ್ಷದ ಹತ್ತಿಯ ಧಾರಣೆ, ಮೆಣಸಿನಕಾಯಿಗೆ ಬಿದ್ದ ರೋಗ, ಇವುಗಳ ಮಾತಾಡಿದರು. ಮಗಳ ವಿಷಯ ಎತ್ತಲೇ ಇಲ್ಲ. ಗಾಡಿ ಬಂದಾಗ ಮಾತ್ರ, “ಆಕೀ ದನಿ ಛಲೋ ಐತಿ ಅಲ್ರೀ ಸರ?” ಎಂದು ಕೇಳಿದರು. ಐತಿ ಎಂದೆ. ಅವರಿಗೆ ಅಷ್ಟು ಸಾಕಾಯಿತು.

ಸೋಮವಾರದ ತಾಲೀಮಿಗೆ ಅವಳು ಬರಲಿಲ್ಲ. ಸಂಕ್ರಾಂತಿಯ ರಜೆ ಕಳೆದು ಬುಧವಾರ ಬಂದಳು. ಬಂದವಳು ಏನೂ ನಡೆಯದವಳಂತೆ ತನ್ನ ಜಾಗದಲ್ಲಿ ನಿಂತು ಮೊದಲ ಸಾಲನ್ನು ಎತ್ತಿಕೊಂಡಳು. ತಾಲೀಮು ಮುಗಿದ ಮೇಲೆ ಅಂದೂ ಗಿರಮಿಟ್ಟು ತರಿಸಿದೆ. ತಿಂದಾದ ಮೇಲೆ ಬುಟ್ಟಿಯನ್ನು ನಾನೇ ಹಿಡಿದು ಮೊದಲನೆಯ ಎಲೆ ತೆಗೆದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮೊದಲು ಎದ್ದವನು ಕಲಘಟಗಿಯ ಹುಡುಗ. ಆಮೇಲೆ, ತುಸು ನಾಚಿಕೊಳ್ಳುತ್ತ, ಗೋಡೆಗೊರಗುವ ಆ ಇಬ್ಬರು. ಕುಂದಗೋಳದ ಹುಡುಗಿ ಏಳಲಿಲ್ಲ. ನವಲಗುಂದದವಳ ಪಕ್ಕದಲ್ಲಿ ಕೂತು, ನಿಧಾನವಾಗಿ ಇನ್ನೊಂದು ಮಿರ್ಚಿ ತಿಂದಳು.

26ರ ಬೆಳಿಗ್ಗೆ ಧ್ವಜ ಏರಿದ ಮೇಲೆ ಮೇಳ ನಿಂತಿತು. ಅಣ್ಣಿಗೇರಿಯ ಹುಡುಗ ಅಂದು ಚೀಲ ಇಳಿಸಲು ಹೋಗದೆ ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. ನಾನು ಬರೆದುಕೊಂಡದ್ದನ್ನು ಓದಿದೆ. ಹರ್ಡೀಕರರನ್ನು, ಉಮಾಬಾಯಿಯವರನ್ನು, ಪೊರಕೆ ಹಿಡಿದವರನ್ನು, ಕೊನೆಗೆ ಆ ಹನ್ನೊಂದು ವರ್ಷದ ಬಾಲಿಕೆಯನ್ನು ಹೆಸರಿಸಿದೆ. ಸಭೆಯ ಹಿಂಬದಿಯಲ್ಲಿ, ಮರದ ನೆರಳಿನಲ್ಲಿ, ಇಳಕಲ್ ಸೀರೆಯ ಒಬ್ಬ ತಾಯಿ ನಿಂತಿದ್ದರು. ಅಂದು ಯಾವ ಮದುವೆಯ ಮನೆಯ ಕೆಲಸವನ್ನೂ ಅವರು ಒಪ್ಪಿಕೊಂಡಿರಲಿಲ್ಲ.

ಹುಡುಗಿ ತಲೆಯೆತ್ತಿ ಮೊದಲ ಸಾಲನ್ನು ಎತ್ತಿದಳು.